ಮುಂದೆ ಯಾರಾದರೂ ಹುಡುಕಿಕೊಂಡು ಬಂದಾರು ಎಂದು

ಮೇ ಕೊನೆಗೆ ಮೋಡ ಕಟ್ಟಲು ಶುರುವಾದರೆ ಸಾಕು, ಪುತ್ತೂರು, ಸುಳ್ಯ ಕಡೆಯ ಅಡಿಕೆ ಬೆಳೆಗಾರರ ವಾಟ್ಸಾಪ್ ಗ್ರೂಪುಗಳಲ್ಲಿ, ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಮದ್ದಾಗಿ ಬಿಡುವ ಬೋರ್ಡೋ ದ್ರಾವಣದ ಮಾತು ಏಳುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಶೇಕಡಾ ಒಂದರ ದ್ರಾವಣದ ಈ ಲೆಕ್ಕ ಎಲ್ಲರಿಗೂ ಬಾಯಿಪಾಠ. ಕೇಳುವವರ ಸಂಶಯ ಅದರಾಚೆಗಿನದು. ಅಂಗಡಿಯಲ್ಲಿ ಸಿಕ್ಕಿದ ಸುಣ್ಣ ಹಳತೋ ಹೊಸತೋ, ಹೋದ ವರ್ಷ ಅಷ್ಟೇ ಹಾಕಿದರೂ ಕಾಯಿ ಉದುರಿದ್ದು ಯಾಕೆ, ಬೆಳಿಗ್ಗೆ ಕಲಸಿದ್ದನ್ನು ಮಳೆ ಬಂತೆಂದು ಮರುದಿನಕ್ಕೆ ಇಡಬಹುದೇ.

ನಾನಿರುವ ಗ್ರೂಪಿನಲ್ಲಿ ಒಬ್ಬ ಹುಡುಗ ಹೋದ ಮಳೆಗಾಲದ ಆರಂಭದಲ್ಲಿ ಇದನ್ನೇ ಕೇಳಿದ. ಹಿರಿಯ ಕೃಷಿಕರೊಬ್ಬರು ವಾಯ್ಸ್ ಮೆಸೇಜಿನಲ್ಲಿ ಉತ್ತರ ಕೊಟ್ಟರು. "ಹುಡಿ ಸುಣ್ಣವನ್ನು ಕಣ್ಣು ಮುಚ್ಚಿ ನಂಬಬೇಡಿ ಮಾರಾಯ್ರೆ, ಗಾಳಿ ತಾಗಿದ್ದರೆ ಅದರಲ್ಲಿ ಸತ್ವ ಇರುವುದಿಲ್ಲ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ತಿರುಗಾಮುರುಗಾ ಮಾಡಬಾರದು. ಆಮೇಲೆ ಚೆನ್ನಾಗಿ ಉಜ್ಜಿದ ಕತ್ತಿಯೊಂದನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಲೆಕ್ಕ." ಅದಾದ ಮೇಲೆ ತಮ್ಮ ತೋಟದ ಅನುಭವ ಹೇಳಿದರು. ಎರಡನೇ ಸಲ ಮದ್ದು ಬಿಡುವುದು ತಡವಾದ ವರ್ಷ ತೋಡಿನ ಬದಿಯ ಮರಗಳಲ್ಲಿ ಕೊಳೆ ಹೇಗೆ ಹಬ್ಬಿತು, ಗುಡ್ಡೆಯ ಬದಿಗೆ ಯಾಕೆ ಅಷ್ಟು ಬರಲಿಲ್ಲ, ಎಲ್ಲ ಬಿಡಿಸಿ ಬಿಡಿಸಿ. ಐವತ್ತು ಮಳೆಗಾಲ ಕಂಡವರ ಮಾತು ಅದು.

ಮಧ್ಯಾಹ್ನದೊಳಗೆ ಅದರ ಮೇಲೆ ಅಡಿಕೆ ಧಾರಣೆಯ ಪಟ್ಟಿ ಬಂತು, ಯಾರದೋ ಮನೆ ಒಕ್ಕಲಿನ ಕಾಗದ ಬಂತು, ನಾಲ್ಕಾರು ಫಾರ್ವರ್ಡ್ ವೀಡಿಯೋ ಬಂದವು. ಜುಲೈಯಲ್ಲಿ ಇನ್ನೊಬ್ಬರು ಅದೇ ಪ್ರಶ್ನೆ ಕೇಳಿದಾಗ ಹಿರಿಯರು ಗ್ರೂಪ್ ನೋಡಿರಲಿಲ್ಲ. ಉತ್ತರವೆಂದು ಬಂದದ್ದು ಯಾವುದೋ ಔಷಧದ ಡಬ್ಬಿಯ ಫೋಟೊ.

ಇದೇ ಕೊಳೆರೋಗದ ಬಗ್ಗೆ, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ 1910ರಲ್ಲಿ ವರದಿ ಪ್ರಕಟಿಸಿದ್ದರು. ನೂರು ವರ್ಷ ದಾಟಿದ ಆ ವರದಿಯನ್ನು ಸಂಶೋಧಕರು ಇವತ್ತಿಗೂ ಉಲ್ಲೇಖಿಸುತ್ತಾರೆ, ಬೇಕೆಂದವರಿಗೆ ಅದು ಸಿಗುತ್ತದೆ. ಹೋದ ವರ್ಷದ ಆ ವಾಯ್ಸ್ ಮೆಸೇಜ್ ಗ್ರೂಪಿನ ಹೊರಗಿನವರು ಹುಡುಕಿದರೆ ಸಿಗುವ ದಾರಿಯೇ ಇಲ್ಲ.

ಆನ್‌ಲೈನ್ ಫೋರಂಗಳ ಕಾಲ ಮುಗಿಯಿತು ಎಂದು ಮರುಗುವವರನ್ನು ಆಗಾಗ ನೋಡುತ್ತೇನೆ. ನನ್ನ ಮರುಕವೂ ಇದೆ, ಆದರೆ ಅದು ಹಳೆಯ ದಿನಗಳ ಸ್ನೇಹಕ್ಕೆ, ಹರಟೆಗೆ ಸಂಬಂಧಿಸಿದ್ದಲ್ಲ. ಸ್ನೇಹ, ಹರಟೆ ಎರಡೂ ಈಗಲೂ ಧಾರಾಳವಾಗಿವೆ. ಜನ ಮೊದಲಿಗಿಂತ ಹೆಚ್ಚೇ ಮಾತಾಡುತ್ತಿದ್ದಾರೆ. ಇಲ್ಲವಾದದ್ದು, ಆಡಿದ ಮಾತಿನ ಹತ್ತಿರ ನಾಲ್ಕು ವರ್ಷ ಕಳೆದು ಒಬ್ಬ ಅಪರಿಚಿತ ಬಂದು ತಲುಪುವುದಕ್ಕೆ ಇದ್ದ ದಾರಿ.

ಫೋರಂ ಬಳಸದ ವಯಸ್ಸಿನವರಿಗಾಗಿ ಅದರ ರೀತಿಯನ್ನು ಸ್ವಲ್ಪ ಹೇಳುತ್ತೇನೆ. ಒಂದು ಪ್ರಶ್ನೆಗೆ ಒಂದು ಪುಟ, ಆ ಪುಟಕ್ಕೊಂದು ತಲೆಬರಹ. ಕೆಳಗೆ ಬಂದ ಉತ್ತರಗಳು ಬಂದ ಕ್ರಮದಲ್ಲೇ, ತಾರೀಖಿನ ಸಮೇತ ನಿಲ್ಲುತ್ತಿದ್ದವು. ಇದನ್ನು ಥ್ರೆಡ್ ಎನ್ನುತ್ತಿದ್ದೆವು. ಎರಡು ವರ್ಷ ಸುಮ್ಮನಿದ್ದ ಥ್ರೆಡ್‌ಗೆ ಯಾರಾದರೂ ಒಂದು ಸಾಲು ಸೇರಿಸಿದರೆ ಅದು ಪಟ್ಟಿಯ ತುದಿಗೆ ಬಂದು ಕೂರುತ್ತಿತ್ತು, ಮೊದಲು ಕೇಳಿದ್ದವರಿಗೆ ಇಮೇಲ್ ಹೋಗುತ್ತಿತ್ತು. ಯಾವುದು ಮೇಲೆ ಬರಬೇಕು ಎಂಬುದನ್ನು ತೀರ್ಮಾನಿಸುತ್ತಿದ್ದದ್ದು ಯಾರೋ ಒಬ್ಬರಿಗೆ ಹೇಳುವುದಕ್ಕೆ ಏನೋ ಇತ್ತು ಎಂಬ ಒಂದೇ ಸಂಗತಿ. ಹೊಸಬರು ಬಂದು ಹಳೆಯ ಪ್ರಶ್ನೆಯನ್ನೇ ಕೇಳಿದರೆ "ಮೊದಲು ಹುಡುಕಿ ನೋಡಿ" ಎಂಬ ಗದರಿಕೆ ಸಿಗುತ್ತಿತ್ತು. ಹುಡುಕಿದರೆ ಸಿಗುತ್ತಿತ್ತು ಎಂಬುದೂ ಅಷ್ಟೇ ನಿಜ.

ಥ್ರೆಡ್‌ಗಳಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಂಡದ್ದು ಕೊನೆಯ ಒಂದು ಸಾಲು. ಪ್ರಶ್ನೆ ಕೇಳಿದ್ದವರು ವಾರ ಬಿಟ್ಟು ತಿರುಗಿ ಬಂದು, "ಸರಿಯಾಯಿತು, ನೀವು ಹೇಳಿದ ಮೂರನೆಯ ಕಾರಣವೇ ಇದ್ದದ್ದು" ಎಂದು ಬರೆದು ಹೋಗುವ ಸಾಲು. ಅವರ ಕೆಲಸ ಅಷ್ಟರಲ್ಲಿ ಮುಗಿದಿರುತ್ತಿತ್ತು, ತಿರುಗಿ ಬರಬೇಕೆಂಬ ಕಟ್ಟುಪಾಡೇನೂ ಇರಲಿಲ್ಲ. ಆದರೂ ಬರುತ್ತಿದ್ದರು. ಮುಂದೆ ಇದೇ ತೊಂದರೆ ಹೊತ್ತು ಬರುವವರು ಇದ್ದಾರೆ ಎಂಬುದು ಅವರ ಮನಸ್ಸಿನಲ್ಲಿತ್ತು. ಬರೆಯುವ ರೀತಿಯನ್ನೇ ಆ ಅರಿವು ಬದಲಿಸುತ್ತಿತ್ತು. ಯಂತ್ರದ ಮಾಡೆಲ್ ಯಾವುದು, ಊರಿನಲ್ಲಿ ವೋಲ್ಟೇಜ್ ಎಷ್ಟು, ಏನೇನು ಮಾಡಿ ನೋಡಿದೆ, ಯಾವುದು ಫಲಿಸಲಿಲ್ಲ, ಎಲ್ಲವನ್ನೂ ಹೇಳಬೇಕಾಗುತ್ತಿತ್ತು. ಎದುರಿಗಿರುವ ಪರಿಚಯದವರಿಗೆ ಬರೆಯುವಾಗ ಇಷ್ಟೆಲ್ಲ ಬೇಕಾಗುವುದಿಲ್ಲ.

ಈ ಪದ್ಧತಿ ವೆಬ್‌ಗಿಂತ ಹಳೆಯದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲಿಸ್ 1979ರಲ್ಲಿ ಯೂಸ್‌ನೆಟ್ ಎಂಬ ಚರ್ಚಾಜಾಲದ ಕಲ್ಪನೆ ಮಾಡಿದರು. ಮರುವರ್ಷ ಅದು ಓಡತೊಡಗಿತು. ಯಾರೊಬ್ಬರ ಆಸ್ತಿಯೂ ಆಗಿರದ ಜಾಲ ಅದು. ಒಂದು ಕಂಪ್ಯೂಟರಿನಲ್ಲಿ ಬರೆದದ್ದು ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟುತ್ತಿತ್ತು. ಪದೇಪದೇ ಬರುವ ಪ್ರಶ್ನೆಗಳಿಗೆ ಉತ್ತರಗಳ ಪಟ್ಟಿ ಮಾಡಿ ತಿಂಗಳು ತಿಂಗಳು ಹಾಕುವ ಅಭ್ಯಾಸ ಬೆಳೆದದ್ದು ಅಲ್ಲಿ. ಅಮೆರಿಕದಲ್ಲಿ ಓದಲು ಹೋಗಿದ್ದ ಭಾರತೀಯರು ಅಲ್ಲಿ ಗುಂಪು ಕಟ್ಟಿಕೊಂಡಿದ್ದರು. ಕರ್ನಾಟಕದ ಹೆಸರಿನಲ್ಲೂ ಒಂದು ಗುಂಪಿತ್ತು, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದುಕೊಳ್ಳುತ್ತಿದ್ದ ಗುಂಪು.

ಕನ್ನಡ ಅಕ್ಷರದಲ್ಲೇ ಚರ್ಚೆ ನಡೆಯಲು ಕಾಲ ಹಿಡಿಯಿತು. 1998ರಲ್ಲಿ ಬರಹ ತಂತ್ರಾಂಶ ಬಂದ ಮೇಲೆ ಮನೆಯ ಕಂಪ್ಯೂಟರಿನಲ್ಲಿ ಕನ್ನಡ ಟೈಪಿಸುವುದು ಬಹಳ ಜನಕ್ಕೆ ಸಾಧ್ಯವಾಯಿತು. ಆದರೆ ಒಬ್ಬರ ಫಾಂಟಿನಲ್ಲಿ ಬರೆದದ್ದು ಇನ್ನೊಬ್ಬರ ಪರದೆಯಲ್ಲಿ ಚೌಕಗಳಾಗಿ, ಚುಕ್ಕೆಗಳಾಗಿ ಕಾಣುತ್ತಿತ್ತು. ಎಲ್ಲ ಕಂಪ್ಯೂಟರುಗಳಿಗೂ ಒಂದೇ ಅಕ್ಷರ ಸಂಕೇತವಾದ ಯೂನಿಕೋಡ್ ಹರಡಿದ ಮೇಲೆ ಆ ತೊಡಕು ಕಳೆಯಿತು. ಕನ್ನಡ ವಿಕಿಪೀಡಿಯ 2003ರಲ್ಲಿ, ಸಂಪದ ಎಂಬ ಜಾಲತಾಣ 2005ರಲ್ಲಿ ಶುರುವಾದವು. ಸಂಪದದಲ್ಲಿ ಯಾರು ಬೇಕಾದರೂ ಬರೆಯಬಹುದಿತ್ತು, ಬರೆದದ್ದರ ಕೆಳಗೆ ಉದ್ದುದ್ದ ಪ್ರತಿಕ್ರಿಯೆಗಳು ಸಾಲುಗಟ್ಟುತ್ತಿದ್ದವು. ಊರಿನ ಆಡುಮಾತು, ಹಳಗನ್ನಡದ ಪದ್ಯದ ಅರ್ಥ, ಲಿನಕ್ಸಿನಲ್ಲಿ ಕನ್ನಡ ಮೂಡಿಸುವ ಬಗೆ, ಹೀಗೆ. ಸಾಫ್ಟ್‌ವೇರ್ ಕೆಲಸದವರು, ಮೇಷ್ಟ್ರುಗಳು, ಹೊರದೇಶದಲ್ಲಿ ಮನೆಗೆಲಸ ಮುಗಿಸಿ ರಾತ್ರಿ ಬರೆಯಲು ಕೂರುತ್ತಿದ್ದ ಗೃಹಿಣಿಯರು ಒಂದೇ ಪುಟದಲ್ಲಿ ಇರುತ್ತಿದ್ದರು. ಅಚ್ಚಿನ ಪತ್ರಿಕೆಗಳಲ್ಲಿ ಎಂದೂ ಹೆಸರು ಬಾರದಿದ್ದವರು ಅಲ್ಲಿ ಎಂಥ ಗದ್ಯ ಬರೆದರು!

ಆರ್ಕುಟ್ ಬಂದದ್ದು 2004ರ ಜನವರಿಯಲ್ಲಿ. ಈಗಿನ ಹುಡುಗರು ಅದನ್ನು ಫೇಸ್‌ಬುಕ್ಕಿನ ಹಳೆಯ ರೂಪ ಎಂದುಕೊಂಡಿದ್ದಾರೆ. ಗೆಳೆಯರಿಗೆ ಸ್ಕ್ರ್ಯಾಪ್ ಬರೆಯುವುದು ಒಂದು ಭಾಗ ಮಾತ್ರ, ಅದರ ಒಳಗೆ ಕಮ್ಯುನಿಟಿಗಳಿದ್ದವು. ಪ್ರತಿಯೊಂದು ಕಮ್ಯುನಿಟಿಯೂ ಒಂದು ಫೋರಂ. ತಾಲ್ಲೂಕಿಗೊಂದು, ಕಾಲೇಜಿಗೊಂದು, ಯಕ್ಷಗಾನದ ತೆಂಕುತಿಟ್ಟಿಗೊಂದು, ಬಡಗುತಿಟ್ಟಿಗೊಂದು. ಬ್ರೆಜಿಲ್ ಮತ್ತು ಭಾರತದಲ್ಲಿ ಅದು ಬೆಳೆದಷ್ಟು ಬೇರೆಲ್ಲೂ ಬೆಳೆಯಲಿಲ್ಲ. ಗೂಗಲ್ 2014ರ ಸೆಪ್ಟೆಂಬರ್ 30ರಂದು ಅದನ್ನು ಮುಚ್ಚಿತು. ಸಾರ್ವಜನಿಕ ಕಮ್ಯುನಿಟಿಗಳ ಸಂಗ್ರಹವನ್ನು ಕೆಲಕಾಲ ಓದಲು ಬಿಟ್ಟಿತ್ತು, ಬಳಿಕ ಅದೂ ಹೋಯಿತು. ಒಂದು ಪ್ರಸಂಗದ ಪದ್ಯವನ್ನು ಯಾವ ಭಾಗವತರು ಯಾವ ರಾಗದಲ್ಲಿ ಹಾಡುತ್ತಿದ್ದರು ಎಂದು ಆಟ ಕಂಡವರು ನೆನಪಿನಿಂದ ಬರೆದಿಟ್ಟ ಪುಟಗಳು ಅದರೊಟ್ಟಿಗೆ ಅಳಿದವು. ಹಾಗೆ ಬರೆದವರಲ್ಲಿ ಕೆಲವರು ಈಗ ಇಲ್ಲ. ಇದನ್ನು ನೆನೆದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇಮೇಲಿನಲ್ಲಿ ಗುಂಪು ಚರ್ಚೆ ನಡೆಸಲು ಇದ್ದ ಯಾಹೂ ಗ್ರೂಪ್ಸ್ ಕತೆ ಇನ್ನೂ ದೊಡ್ಡ ಪ್ರಮಾಣದ್ದು. 2019ರ ಅಕ್ಟೋಬರಿನಲ್ಲಿ ಯಾಹೂ ತನ್ನಲ್ಲಿದ್ದ ಗ್ರೂಪುಗಳ ಹಳೆಯ ಬರಹಗಳನ್ನು ಅಳಿಸುವುದಾಗಿ ಪ್ರಕಟಿಸಿತು. ಇಳಿಸಿಕೊಳ್ಳುವವರು ಇಳಿಸಿಕೊಳ್ಳಿ ಎಂದು ಕೊಟ್ಟ ಅವಧಿ ಕೆಲವೇ ತಿಂಗಳು. 2020ರ ಡಿಸೆಂಬರ್ 15ರಂದು ಇಡೀ ಸೇವೆಯೇ ನಿಂತಿತು. ಸಿನಿಮಾಗಳ ಕೋಶವಾದ ಐಎಂಡಿಬಿ ತನ್ನ ಚರ್ಚಾ ವಿಭಾಗವನ್ನು 2017ರ ಫೆಬ್ರವರಿಯಲ್ಲೇ ತೆಗೆದಿತ್ತು.

ದೊಡ್ಡ ಕಂಪನಿಗಳು ಮುಚ್ಚಿದ್ದು ಸುದ್ದಿಯಾಯಿತು. ಸಣ್ಣ ಫೋರಂಗಳು ಸದ್ದಿಲ್ಲದೆ ಹೋದವು. 2000ದ ಹೊತ್ತಿಗೆ ಬಂದ ಪಿಎಚ್‌ಪಿಬಿಬಿಯಂಥ ಉಚಿತ ತಂತ್ರಾಂಶದಿಂದ ಆಸಕ್ತಿಯುಳ್ಳ ಯಾರು ಬೇಕಾದರೂ ಒಂದು ಫೋರಂ ತೆರೆಯಬಹುದಾಗಿತ್ತು. ತೆರೆಯುವುದು ಸುಲಭ, ನಡೆಸುವುದು ಕಷ್ಟ. ಪ್ರತಿ ತಿಂಗಳು ಸರ್ವರಿನ ಬಾಡಿಗೆ, ಪ್ರತಿ ವರ್ಷ ತಾಣದ ವಿಳಾಸಕ್ಕೆ, ಅಂದರೆ ಡೊಮೇನಿಗೆ ದುಡ್ಡು, ರಾತ್ರಿಯೆಲ್ಲ ಬಂದು ಬೀಳುವ ಸ್ಪ್ಯಾಮ್, ತಂತ್ರಾಂಶದಲ್ಲಿ ತೂತು ಕಂಡಾಗಲೆಲ್ಲ ತೇಪೆ, ಇಬ್ಬರು ಸದಸ್ಯರು ಜಗಳಕ್ಕೆ ಬಿದ್ದರೆ ಪಂಚಾಯಿತಿಕೆ. ಇಷ್ಟನ್ನೂ ಒಬ್ಬರೋ ಇಬ್ಬರೋ ಸಂಬಳವಿಲ್ಲದೆ ಮಾಡುತ್ತಿದ್ದರು. ಅವರಿಗೆ ಮದುವೆಯಾಯಿತು, ಮಕ್ಕಳಾದರು, ಕೆಲಸ ಬದಲಾಯಿತು. ಅಷ್ಟರಲ್ಲಿ ಫೇಸ್‌ಬುಕ್ "ಗ್ರೂಪ್ ಮಾಡಿ, ದುಡ್ಡು ಬೇಡ, ಸರ್ವರ್ ನಮ್ಮದು" ಎಂದು ಬಾಗಿಲು ತೆರೆದಿತ್ತು. ಸದಸ್ಯರೆಲ್ಲ ಹೇಗೂ ದಿನಕ್ಕೆ ಹತ್ತು ಸಲ ಅಲ್ಲಿಗೆ ಹೋಗುತ್ತಿದ್ದರು. ಒಂದು ವರ್ಷ ಡೊಮೇನ್ ನವೀಕರಿಸಲು ಮರೆತುಹೋಯಿತು, ಅಲ್ಲಿಗೆ ಮುಗಿಯಿತು. ನಡೆಸಿದವರ ಮೇಲೆ ನನಗೆ ಯಾವ ದೂರೂ ಇಲ್ಲ. ಅಷ್ಟು ವರ್ಷ ನಡೆಸಿದ್ದಕ್ಕೆ ಅವರಿಗೆ ಯಾರೂ ಸರಿಯಾಗಿ ಕೃತಜ್ಞತೆ ಹೇಳಲಿಲ್ಲ ಎಂಬ ಬೇಸರವಿದೆ.

ಇನ್ನೊಂದು ಬಗೆಯ ಹಾನಿಯಿದೆ. ಪುಟ ಉಳಿದಿರುತ್ತದೆ, ಅದರ ಜೀವಾಳ ಹೋಗಿರುತ್ತದೆ. ಫೋರಂಗಳಿಗೆ ಚಿತ್ರಗಳನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲದ ಕಾಲದಲ್ಲಿ ಸದಸ್ಯರು ಫೋಟೊಬಕೆಟ್‌ನಂಥ ಜಾಗಕ್ಕೆ ಚಿತ್ರ ಏರಿಸಿ, ಅದರ ಲಿಂಕನ್ನು ಇಲ್ಲಿ ಅಂಟಿಸುತ್ತಿದ್ದರು. 2017ರ ಜೂನ್ ಕೊನೆಗೆ ಫೋಟೊಬಕೆಟ್ ನಿಯಮ ಬದಲಿಸಿ, ಹೀಗೆ ಬೇರೆಡೆ ತೋರಿಸಲು ವರ್ಷಕ್ಕೆ 399.99 ಡಾಲರ್ ಕೊಡಬೇಕೆಂದಿತು. ಲೋಕದ ಎಲ್ಲ ಕಡೆಯ ಹಳೆಯ ಥ್ರೆಡ್‌ಗಳಲ್ಲಿ ಚಿತ್ರಗಳಿದ್ದ ಜಾಗದಲ್ಲಿ ಒಂದೇ ಬಗೆಯ ಬೂದು ಫಲಕ ಬಂದು ಕೂತಿತು. ಹಳೆಯ ಮೋಟಾರ್ ಸೈಕಲ್ಲಿನ ಕಾರ್ಬ್ಯುರೇಟರ್ ಬಿಚ್ಚುವ ಒಂದು ಥ್ರೆಡ್ಡನ್ನು ಆಮೇಲೆ ಓದಿದ್ದು ನೆನಪಿದೆ. "ಈ ಚಿತ್ರದಲ್ಲಿ ಬಾಣದ ಗುರುತು ತೋರಿಸಿದ ಸ್ಕ್ರೂವನ್ನು ಮಾತ್ರ ಮುಟ್ಟಬೇಡಿ" ಎಂದು ಬರೆದಿತ್ತು. ಬಾಣವೂ ಇರಲಿಲ್ಲ, ಸ್ಕ್ರೂ ಯಾವುದೆಂದು ತಿಳಿಯುವ ಉಪಾಯವೂ ಇರಲಿಲ್ಲ. ಬರೆದವರು ಒಂದು ಭಾನುವಾರವಿಡೀ ಗ್ರೀಸಿನ ಕೈಯಲ್ಲಿ ಕ್ಯಾಮೆರಾ ಹಿಡಿದು ಹಂತ ಹಂತವಾಗಿ ತೆಗೆದ ಚಿತ್ರಗಳವು. 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇಕಡಾ 38ರಷ್ಟು ಹತ್ತು ವರ್ಷದೊಳಗೆ ಸಿಗದಂತಾಗಿವೆ ಎಂದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಲೆಕ್ಕ ಕೊಟ್ಟಿತು. ಪುಟ ಇದ್ದೂ ಚಿತ್ರ ಕಳೆದುಕೊಂಡವನ್ನು ಆ ಲೆಕ್ಕಕ್ಕೆ ಹಿಡಿಯುವವರಿಲ್ಲ.

ಫೋರಂಗಳು ಎಲ್ಲರ ಜಾಗವಾಗಿದ್ದವು ಎಂದು ನಾನು ಹೇಳಲಾರೆ. ಕಂಪ್ಯೂಟರ್ ಇದ್ದವರ, ಟೈಪಿಂಗ್ ಬಲ್ಲವರ, ಬಹುಪಾಲು ಗಂಡಸರ ಜಾಗ ಅದು. ಹೊಸಬರನ್ನು ಅವಮಾನಿಸುವುದೇ ಪಾಂಡಿತ್ಯ ಎಂದುಕೊಂಡ ಹಳಬರು ಪ್ರತಿ ಫೋರಂನಲ್ಲೂ ಇದ್ದರು. ಹೆಣ್ಣಿನ ಹೆಸರಿನಲ್ಲಿ ಪ್ರಶ್ನೆ ಕೇಳಿದರೆ ಪ್ರಶ್ನೆಗೆ ಉತ್ತರ ಬರುವ ಮೊದಲು ಬೇರೆಯದೇ ಸಂದೇಶಗಳು ಬರುತ್ತಿದ್ದವು. ಇದಕ್ಕೆ ಹೋಲಿಸಿದರೆ ಫೋನು, ವಾಟ್ಸಾಪು ತಂದ ಲಾಭ ದೊಡ್ಡದು. ನಮ್ಮ ಗ್ರೂಪಿನ ಆ ಹಿರಿಯರು ಯಾವ ಕಾಲಕ್ಕೂ ಕೀಬೋರ್ಡ್ ಮುಟ್ಟುತ್ತಿರಲಿಲ್ಲ. ಗುಂಡಿ ಒತ್ತಿ ಹಿಡಿದು ಮಾತಾಡಿದರೆ ಸಾಕು ಎಂದಾದ ಮೇಲೆ ಅವರ ಐವತ್ತು ವರ್ಷದ ತಿಳಿವಳಿಕೆ ಮೊದಲ ಬಾರಿಗೆ ತೋಟದ ಬೇಲಿ ದಾಟಿತು. ಅವರ ಹೆಂಡತಿ ಕಾಳುಮೆಣಸಿನ ಬಳ್ಳಿ ಸೊರಗುವ ಬಗ್ಗೆ ಗಂಡನಿಗಿಂತ ಚೆನ್ನಾಗಿ ಹೇಳುತ್ತಾರೆ, ಅವರ ದನಿಯೂ ಈಗ ಗ್ರೂಪಿನಲ್ಲಿ ಕೇಳುತ್ತದೆ. ಹಾಗಾಗಿ ಹಿಂದಿನದಕ್ಕೇ ಹೋಗೋಣ ಎಂಬ ವಾದ ನನ್ನದಲ್ಲ.

ತೊಂದರೆ ಇರುವುದು ಆ ದನಿಯನ್ನು ಹಿಡಿದಿಡುವ ಪಾತ್ರೆಯಲ್ಲಿ. ವಾಟ್ಸಾಪ್ ಗ್ರೂಪಿಗೆ ಈಗ 1024 ಜನ ಸೇರಬಹುದು. 1025ನೆಯವರಿಗೆ ಅಲ್ಲಿ ಏನಿದೆ ಎಂದೇ ತಿಳಿಯದು. ಹೊಸದಾಗಿ ಸೇರಿದವರಿಗೆ ವರ್ಷಗಳ ಹಿಂದಿನ ಮಾತು ಕಾಣದು, ವಾಯ್ಸ್ ಮೆಸೇಜಿನ ಒಳಗೆ ಪದ ಹುಡುಕಲು ಬಾರದು, ಗೂಗಲಿಗೆ ಆ ಗೋಡೆಯೊಳಗೆ ಪ್ರವೇಶವಿಲ್ಲ. ಫೋನ್ ಬದಲಿಸಿದಾಗ ಬ್ಯಾಕಪ್ ಕೈಕೊಟ್ಟರೆ ನಮ್ಮ ಪಾಲಿಗೂ ಅದು ಇಲ್ಲ. ಫೇಸ್‌ಬುಕ್ಕಿನ ತೊಡಕು ಬೇರೆ ರೀತಿಯದು. 2006ರಲ್ಲಿ ಅದು ನ್ಯೂಸ್ ಫೀಡ್ ತಂದಾಗಿನಿಂದ ಮಾತು ಯಾರ ಕಣ್ಣಿಗೆ ಎಷ್ಟು ಹೊತ್ತು ಬೀಳಬೇಕು ಎಂಬುದು ಕಂಪನಿಯ ಕೈಗೆ ಹೋಯಿತು. ಅಲ್ಲಿ ಬೆಳಿಗ್ಗೆ ಹಾಕಿದ್ದು ಸಂಜೆಗೆ ಹಳತು. ಮೂರು ದಿನ ಯೋಚಿಸಿ ಉತ್ತರ ಬರೆಯುವವರು ಬಂದು ಸೇರುವ ಹೊತ್ತಿಗೆ ಚರ್ಚೆ ಚದುರಿರುತ್ತದೆ. ಹೀಗಾಗಿ ನಿಧಾನಿಗಳು ಬರೆಯುವುದನ್ನೇ ಬಿಟ್ಟರು. ತಕ್ಷಣ ಬರೆಯುವವರು, ಸಿಟ್ಟಿನಲ್ಲಿ ಬರೆಯುವವರು ಉಳಿದರು.

ಪುತ್ತೂರಿನ ಅಡಿಕೆ ಪತ್ರಿಕೆಯನ್ನು ಇಲ್ಲಿ ನೆನೆಯಲೇಬೇಕು. 1988ರಲ್ಲಿ ಶುರುವಾದ ಈ ಮಾಸಿಕ ಕೃಷಿಕರಿಂದಲೇ ಬರೆಸುವ ಹಟ ಹಿಡಿಯಿತು. ಶ್ರೀಪಡ್ರೆಯವರು ಮತ್ತು ಅವರ ಬಳಗ ಪೆನ್ನು ಹಿಡಿಯಲು ಅಂಜುತ್ತಿದ್ದವರನ್ನು ಮಾತಾಡಿಸಿ, ಬರೆಯಲು ಹಚ್ಚಿದರು. ಕೃಷಿಕರ ಅನುಭವ ಅದರಲ್ಲಿ ಅವರ ಹೆಸರು, ಊರಿನ ಸಮೇತ ಅಚ್ಚಾಗಿ ಉಳಿದಿದೆ. ಇಂಟರ್ನೆಟ್ ಇಲ್ಲದ ಕಾಲದಲ್ಲಿ ಅವರು ಮಾಡಿದ್ದನ್ನು ನೋಡಿದರೆ, ಕೈಯಲ್ಲಿ ಇಂಟರ್ನೆಟ್ ಇರುವ ನಾವು ಎಷ್ಟು ಕೈಚೆಲ್ಲಿ ಕೂತಿದ್ದೇವೆ ಎಂದು ತಿಳಿಯುತ್ತದೆ.

ಈಚೆಗೆ ಈ ಹಳೆಯ ಮಾತುಗಳಿಗೆ ಹಠಾತ್ತಾಗಿ ಬೆಲೆ ಬಂದಿದೆ. ಎಐ ಕಂಪನಿಗಳಿಗೆ ತಮ್ಮ ಯಂತ್ರಗಳಿಗೆ ಕಲಿಸಲು ಮನುಷ್ಯರು ಮನುಷ್ಯರಿಗೆ ಬರೆದ ಪ್ರಶ್ನೋತ್ತರ ಬೇಕು. ಚರ್ಚಾ ತಾಣವಾದ ರೆಡ್ಡಿಟ್ ತನ್ನ ಚರ್ಚೆಗಳನ್ನು ಬಳಸಲು ಗೂಗಲಿಗೆ ಪರವಾನಗಿ ಕೊಟ್ಟಿತು, ಅದರ ಬೆಲೆ ವರ್ಷಕ್ಕೆ ಸುಮಾರು 6 ಕೋಟಿ ಡಾಲರ್ ಎಂದು 2024ರ ಫೆಬ್ರವರಿಯಲ್ಲಿ ರಾಯಿಟರ್ಸ್ ವರದಿ ಮಾಡಿತು. ಅದಕ್ಕೂ ಮೊದಲು, 2023ರ ಜೂನಿನಲ್ಲಿ, ಹೊರಗಿನ ಆ್ಯಪ್‌ಗಳಿಗೆ ರೆಡ್ಡಿಟ್ ವಿಧಿಸಿದ ದುಬಾರಿ ದರವನ್ನು ವಿರೋಧಿಸಿ ಏಳು ಸಾವಿರಕ್ಕೂ ಹೆಚ್ಚು ಗುಂಪುಗಳು ಬಾಗಿಲು ಹಾಕಿಕೊಂಡಿದ್ದವು. ಆ ಗುಂಪುಗಳನ್ನು ನಡೆಸುತ್ತಿದ್ದವರು ಕಾಸು ಪಡೆಯದ ಸ್ವಯಂಸೇವಕರು. ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಹೊಸ ಪ್ರಶ್ನೆಗಳು ಕುಸಿದವು. ಅಲ್ಲಿಯ ಉತ್ತರಗಳನ್ನು ಓದಿಯೇ ಬೆಳೆದ ಯಂತ್ರವನ್ನು ಈಗ ಎಲ್ಲರೂ ಒಬ್ಬೊಬ್ಬರಾಗಿ ಕೇಳುತ್ತಾರೆ. ಆ ಪ್ರಶ್ನೆಯನ್ನೂ ಉತ್ತರವನ್ನೂ ಮೂರನೆಯವರು ಓದುವುದಿಲ್ಲ, ತಪ್ಪಿದ್ದರೆ ತಿದ್ದುವುದಿಲ್ಲ. ಕನ್ನಡದ ಮಟ್ಟಿಗೆ ನನ್ನ ಚಿಂತೆ ಇನ್ನೂ ನೇರ. ಇಪ್ಪತ್ತು ವರ್ಷದ ಹಿಂದಿನ ನಮ್ಮ ಅನುಭವದ ಮಾತು ಮುಚ್ಚಿಹೋದ ತಾಣಗಳಲ್ಲಿ ಅಳಿಯಿತು, ಆಮೇಲಿನದು ವಾಟ್ಸಾಪಿನೊಳಗೆ ಬೀಗ ಬಿದ್ದು ಕೂತಿದೆ. ಮುಂದೆ ಮನುಷ್ಯರೇ ಹುಡುಕಲಿ, ಯಂತ್ರವೇ ಹುಡುಕಲಿ, ತೆರೆದ ಜಾಗದಲ್ಲಿ ಸಿಗುವುದು ಏನು?

ಅಳಿಯದೆ ಉಳಿದವೂ ಇವೆ. ವಾಹನಗಳ ಬಗೆಗಿನ ಟೀಮ್ ಬಿಎಚ್‌ಪಿ 2004ರಿಂದ ನಡೆಯುತ್ತಿದೆ. ಸದಸ್ಯತ್ವಕ್ಕೆ ಅರ್ಜಿ ಹಾಕಿ ಕಾಯಬೇಕು, ಎಸ್‌ಎಂಎಸ್ ಭಾಷೆಯಲ್ಲಿ ಬರೆದರೆ ಮಾಡರೇಟರುಗಳು ಬಿಡುವುದಿಲ್ಲ. ಅಲ್ಲಿ ಕಾರು ಕೊಂಡ ದಿನ ತೆರೆದ ಥ್ರೆಡ್‌ಗೆ ವರ್ಷಗಟ್ಟಲೆ ತಿರುಗಿ ಬಂದು, ಎಷ್ಟು ಕಿಲೋಮೀಟರಿಗೆ ಯಾವ ಭಾಗ ಸವೆಯಿತು, ಖರ್ಚೆಷ್ಟಾಯಿತು ಎಂದು ಬರೆಯುವವರಿದ್ದಾರೆ. ಕನ್ನಡ ವಿಕಿಪೀಡಿಯದ ಅರಳಿ ಕಟ್ಟೆ ಎಂಬ ಪುಟದಲ್ಲಿ ಸಂಪಾದಕರ ಚರ್ಚೆಗಳು ಹಳೆಯವೂ ಸೇರಿ ಯಾರು ಬೇಕಾದರೂ ಓದುವಂತೆ ಇವೆ. ಎರಡೂ ಕಡೆ ಬಿಗಿ ನಿಯಮ ಇದೆ, ಕಾಯುವವರು ಇದ್ದಾರೆ. ಎರಡೂ ಉಳಿದದ್ದಕ್ಕೆ ಅದೇ ಕಾರಣ ಎಂದು ನಾನು ನಂಬುತ್ತೇನೆ.

ಹೋದದ್ದರಲ್ಲಿ ಸ್ವಲ್ಪವಾದರೂ ವಾಪಸು ತರಲು ಬರುತ್ತದೆಯೇ? ಯೂಸ್‌ನೆಟ್‌ನ ಅನುಭವ ಆಶೆ ಹುಟ್ಟಿಸುತ್ತದೆ. ಅದರ ಮೊದಲ ಹತ್ತು ವರ್ಷದ ಬರಹ ಪೂರ್ತಿ ಹೋಯಿತು ಎಂದು ಜನ ಅಂದುಕೊಂಡಿದ್ದರು. ಟೊರಾಂಟೊ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಹೆನ್ರಿ ಸ್ಪೆನ್ಸರ್ 1981ರಿಂದ 1991ರವರೆಗಿನದನ್ನು 141 ಟೇಪುಗಳಲ್ಲಿ ಇಟ್ಟುಕೊಂಡಿದ್ದರು. ಅವುಗಳಿಂದ ಸುಮಾರು ಇಪ್ಪತ್ತು ಲಕ್ಷ ಬರಹಗಳು ಹೊರಬಂದು 2001ರಲ್ಲಿ ಎಲ್ಲರಿಗೂ ಓದಲು ಸಿಕ್ಕಿದವು.

ಕನ್ನಡದ ಟೇಪುಗಳು ನಮ್ಮನಮ್ಮ ಇಮೇಲಿನಲ್ಲಿವೆ. ಯಾಹೂ ಗ್ರೂಪುಗಳ ಪ್ರತಿ ಸಂದೇಶವೂ ಆಗ, ಬೇಡವೆನ್ನದ ಸದಸ್ಯರ ಮೇಲ್‌ಬಾಕ್ಸಿಗೆ ಬಂದು ಬೀಳುತ್ತಿತ್ತು. ಹಳೆಯ ಖಾತೆ ಇನ್ನೂ ಜೀವಂತವಿದ್ದರೆ ಗ್ರೂಪಿನ ಹೆಸರು ಹಾಕಿ ಹುಡುಕಿ ನೋಡಿ. ಜಿಮೇಲ್ ಆಗಿದ್ದರೆ ಅವಕ್ಕೆಲ್ಲ ಒಂದು ಲೇಬಲ್ ಕೊಟ್ಟು, ಖಾತೆಯಲ್ಲಿರುವುದನ್ನು ಇಳಿಸಿಕೊಡುವ ಗೂಗಲ್ ಟೇಕ್‌ಔಟ್‌ನಲ್ಲಿ ಆ ಲೇಬಲ್ ಒಂದನ್ನೇ ಆರಿಸಿ ಇಳಿಸಿಕೊಳ್ಳಬಹುದು, ಒಂದೇ ಕಡತವಾಗಿ ಬರುತ್ತದೆ. ಫೋರಂ ನಡೆಸಿದವರ ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಡೇಟಾಬೇಸಿನ ಬ್ಯಾಕಪ್ ಇರುವ ಸಾಧ್ಯತೆ ಹೆಚ್ಚು, ಡಿಸ್ಕ್ ಕೆಡುವ ಮೊದಲು ಇನ್ನೊಂದು ಪ್ರತಿ ಮಾಡಿಕೊಳ್ಳಿ. ಬರೆದವರಲ್ಲಿ ಸಂಪರ್ಕಕ್ಕೆ ಸಿಗುವವರನ್ನು ಒಂದು ಮಾತು ಕೇಳಿ. ಫೋನ್ ನಂಬರು, ಮನೆ ವಿಳಾಸ, ಮನೆತನದ ಜಗಳಗಳನ್ನು ತೆಗೆದುಹಾಕಿ. ಮಿಕ್ಕದ್ದನ್ನು ಇಂಟರ್ನೆಟ್ ಆರ್ಕೈವ್ ಎಂಬ ಡಿಜಿಟಲ್ ಗ್ರಂಥಾಲಯಕ್ಕೆ ಏರಿಸುವುದಕ್ಕೆ ಕಾಸು ಬೇಕಾಗಿಲ್ಲ. ಏರಿಸುವಾಗ ತಲೆಬರಹವನ್ನೂ ವಿವರಣೆಯನ್ನೂ ಕನ್ನಡ ಅಕ್ಷರದಲ್ಲೇ ಬರೆಯಿರಿ. ಕನ್ನಡದಲ್ಲಿ ಹುಡುಕುವವರಿಗೆ ಅದು ಸಿಗಬೇಕು.